ಗೋಡೆಯ ಮೇಲಿನ ಪರೀಕ್ಷೆ: ಕಲಾಶಾಲೆಗಳ ಪದವಿ ಪ್ರದರ್ಶನ ಬೆಳೆದು ಬಂದ ಬಗೆ

ಕಲಾಶಾಲೆಯ ಕೊನೆಯ ವರ್ಷದ ವಿದ್ಯಾರ್ಥಿಗೆ ಮುಖ್ಯ ಪರೀಕ್ಷೆ ನಡೆಯುವುದು ಉತ್ತರಪತ್ರಿಕೆಯಲ್ಲಲ್ಲ, ಗೋಡೆಯ ಮೇಲೆ. ಕಲಿತದ್ದನ್ನೆಲ್ಲ ಗೋಡೆಗೆ ತೂಗುಹಾಕಿ, ನೆಲದ ಮೇಲೆ ನಿಲ್ಲಿಸಿ, ಬೆಳಕು ಹೊಂದಿಸಿ ಪರೀಕ್ಷಕರಿಗಾಗಿ ಕಾಯಬೇಕು. ಅವರು ಅಂಕ ಬರೆದುಕೊಂಡು ಹೋದ ಮೇಲೆ ಅದೇ ಕೋಣೆಗೆ ಮನೆಯವರು, ಗೆಳೆಯರು, ಗ್ಯಾಲರಿಯವರು, ಪತ್ರಕರ್ತರು, ಕೃತಿ ಕೊಳ್ಳುವವರು ಬರುತ್ತಾರೆ. ಬೇರೆ ಯಾವ ಪದವಿಯಲ್ಲಿಯೂ ವಿದ್ಯಾರ್ಥಿಯ ಉತ್ತರವನ್ನು ಹೀಗೆ ಎಲ್ಲರ ಮುಂದೆ ಹರಡುವ ಪದ್ಧತಿ ಇಷ್ಟು ಗಟ್ಟಿಯಾಗಿ ಬೇರೂರಿಲ್ಲ. ಪರೀಕ್ಷೆ ಮತ್ತು ಸಾರ್ವಜನಿಕ ಪ್ರದರ್ಶನ ಎಂಬ ಎರಡು ಕೆಲಸಗಳು ಒಂದೇ ಗೋಡೆಗೆ ಬಂದು ಸೇರಿದ್ದು ನಿಧಾನವಾಗಿ, ಬೇರೆ ಬೇರೆ ಕಾರಣಗಳಿಂದ. ಇಂದು ಈ ಪ್ರದರ್ಶನಗಳ ಸುತ್ತ ಏಳುವ ತಕರಾರುಗಳಲ್ಲಿ ಬಹುಪಾಲು ಆ ಬೆಸುಗೆಯಿಂದಲೇ ಹುಟ್ಟಿದವು.

ಪ್ಯಾರಿಸ್‌ನಲ್ಲಿ 1648ರಲ್ಲಿ ಸ್ಥಾಪನೆಯಾದ ರಾಜಾಶ್ರಯದ ಕಲಾ ಅಕಾಡೆಮಿ 1667ರಲ್ಲಿ ಮೊದಲ ಪ್ರದರ್ಶನ ನಡೆಸಿತು. ಅಲ್ಲಿ ಕಾಣಿಸಿಕೊಂಡವರು ಅಕಾಡೆಮಿಯ ಸದಸ್ಯರು, ವಿದ್ಯಾರ್ಥಿಗಳಲ್ಲ. ಲಂಡನ್ನಿನ ರಾಯಲ್ ಅಕಾಡೆಮಿ 1768ರಲ್ಲಿ ಹುಟ್ಟಿ, ಮರುವರ್ಷವೇ ವಾರ್ಷಿಕ ಪ್ರದರ್ಶನ ಆರಂಭಿಸಿದಾಗಲೂ ಅದು ಕಸುಬಿನಲ್ಲಿ ನುರಿತವರ ವೇದಿಕೆಯಾಗಿತ್ತು. ವಿದ್ಯಾರ್ಥಿ ಜನರ ಕಣ್ಣಿಗೆ ಬೀಳುತ್ತಿದ್ದುದು ಸ್ಪರ್ಧೆಯ ಮೂಲಕ.

ಆ ಸ್ಪರ್ಧೆಗಳಲ್ಲಿ ಹೆಚ್ಚು ಹೆಸರುವಾಸಿಯಾದದ್ದು ಫ್ರಾನ್ಸಿನ ಪ್ರಿ ದ ರೋಮ್. ಅಂತಿಮ ಸುತ್ತಿಗೆ ಆಯ್ಕೆಯಾದವರು ಮೊದಲು ಒಂದು ಕರಡು ಚಿತ್ರ ಬರೆದು ಒಪ್ಪಿಸಬೇಕಿತ್ತು. ನಂತರ ಎರಡು ತಿಂಗಳಿಗೂ ಹೆಚ್ಚು ಕಾಲ ಪ್ರತ್ಯೇಕ ಕೋಣೆಗಳಲ್ಲಿ ಒಬ್ಬೊಬ್ಬರೇ ಕೆಲಸ ಮಾಡಿ, ಆ ಕರಡನ್ನೇ ದೊಡ್ಡ ಕ್ಯಾನ್ವಾಸಿಗೆ ಏರಿಸಬೇಕು. ಮೂಲ ಯೋಜನೆಯಿಂದ ಆಚೀಚೆ ಸರಿಯುವಂತಿಲ್ಲ. ಮುಗಿದ ಚಿತ್ರಗಳನ್ನು ಸಾರ್ವಜನಿಕರು ನೋಡುತ್ತಿದ್ದರು, ಪತ್ರಿಕೆಗಳು ವಿಮರ್ಶಿಸುತ್ತಿದ್ದವು, ಗೆದ್ದವನು ರಾಜ್ಯದ ಖರ್ಚಿನಲ್ಲಿ ರೋಮ್‌ಗೆ ಹೋಗುತ್ತಿದ್ದ. ಗೆದ್ದವನು ಎನ್ನುವುದೇ ಸರಿ: ಈ ಸ್ಪರ್ಧಿಗಳು ಕಲಿಯುತ್ತಿದ್ದ ಪ್ಯಾರಿಸ್‌ನ ಸರ್ಕಾರಿ ಕಲಾಶಾಲೆ ಎಕೋಲ್ ದೆ ಬೋಜಾರ್‌ಗೆ ಹೆಣ್ಣುಮಕ್ಕಳ ಪ್ರವೇಶ ಆರಂಭವಾದದ್ದು 1897ರಲ್ಲಿ. ಎಲ್ಲರಿಗೂ ಒಂದೇ ವಿಷಯ, ಒಂದೇ ಅಳತೆ, ಒಂದೇ ಶೈಲಿ. ಜನ ನೋಡಲು ಬಂದದ್ದು ಯಾರು ಹೆಚ್ಚು ಪಳಗಿದ್ದಾರೆ ಎಂಬುದನ್ನೇ ಹೊರತು ಯಾರಿಗೆ ಹೊಸದೇನು ಹೇಳುವುದಿದೆ ಎಂಬುದನ್ನಲ್ಲ.

ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಲೆಕ್ಕ ಬೇರೆಯೇ ಆಗಿತ್ತು. ಕಾರ್ಖಾನೆಗಳಿಗೆ ವಿನ್ಯಾಸಕಾರರು ಬೇಕಾಗಿದ್ದರು. ಅದಕ್ಕಾಗಿ 1837ರಲ್ಲಿ ಸರ್ಕಾರವೇ ಲಂಡನ್ನಿನಲ್ಲಿ ವಿನ್ಯಾಸ ಶಾಲೆ ತೆರೆಯಿತು. ಮುಂದೆ ದೇಶದ ಕಲಾಶಾಲೆಗಳೆಲ್ಲ ಪ್ರತಿ ವರ್ಷ ವಿದ್ಯಾರ್ಥಿಗಳ ಕೆಲಸವನ್ನು ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿಗೆ ಕಳುಹಿಸುವ ರಾಷ್ಟ್ರೀಯ ಸ್ಪರ್ಧೆ ಬಂತು. ಪದಕ ಗೆದ್ದ ಕೆಲಸಗಳನ್ನು ಅಲ್ಲಿ ಪ್ರದರ್ಶನಕ್ಕಿಡುತ್ತಿದ್ದರು. 1892ರಲ್ಲಿ ಚಿನ್ನದ ಪದಕ ಗೆದ್ದವರಲ್ಲಿ ಗ್ಲಾಸ್ಗೊದ ಚಾರ್ಲ್ಸ್ ರೆನಿ ಮ್ಯಾಕಿಂಟಾಷ್ ಒಬ್ಬರು. ಅವರ ಹೆಸರು ಈ ಕಥೆಯಲ್ಲಿ ಇನ್ನೊಮ್ಮೆ ಬರುತ್ತದೆ.

ವಿದ್ಯಾರ್ಥಿಗಳ ಪ್ರದರ್ಶನ ಇಡೀ ಶಾಲೆಯ ಅಳಿವು ಉಳಿವಿನ ಪ್ರಶ್ನೆಯಾದದ್ದು ಜರ್ಮನಿಯ ವೈಮಾರ್‌ನಲ್ಲಿ. 1919ರಲ್ಲಿ ಆರಂಭವಾದ ಬೌಹೌಸ್ ಎಂಬ ಕಲೆ ಮತ್ತು ವಿನ್ಯಾಸದ ಶಾಲೆಗೆ ಹಣ ಕೊಡುತ್ತಿದ್ದ ಥುರಿಂಗಿಯ ರಾಜ್ಯ, ನಾಲ್ಕು ವರ್ಷಗಳಲ್ಲಿ ಏನು ಸಾಧಿಸಿದ್ದೀರಿ, ತೋರಿಸಿ ಎಂದು ಪಟ್ಟು ಹಿಡಿಯಿತು. ಶಾಲೆಯ ಮುಖ್ಯಸ್ಥ ವಾಲ್ಟರ್ ಗ್ರೋಪಿಯಸ್‌ಗೆ ಇದು ಅವಸರ ಅನ್ನಿಸಿದರೂ ಬೇರೆ ದಾರಿ ಇರಲಿಲ್ಲ. 1923ರ ಆಗಸ್ಟ್‌ನಿಂದ ಸೆಪ್ಟೆಂಬರ್‌ವರೆಗೆ ನಡೆದ ಆ ಪ್ರದರ್ಶನದಲ್ಲಿ ಒಂದು ಪೂರ್ತಿ ಮನೆಯನ್ನೇ ಕಟ್ಟಿ ತೋರಿಸಿದರು. ಹೌಸ್ ಆಮ್ ಹಾರ್ನ್ ಎಂಬ ಆ ಮನೆಯ ಪೀಠೋಪಕರಣಗಳಲ್ಲಿ ಮಾರ್ಸೆಲ್ ಬ್ರಾಯರ್ ಅವರ ಕೆಲಸವಿತ್ತು. ಮಕ್ಕಳ ಕೋಣೆಗೆ ಆಲ್ಮಾ ಬುಷರ್ ಎಂಬ ವಿದ್ಯಾರ್ಥಿನಿ ಬಣ್ಣ ಬಳಿದ ಮರದ ಪೆಟ್ಟಿಗೆಗಳನ್ನು ಮಾಡಿದ್ದರು. ಮಗು ಅವನ್ನು ಎಳೆದು, ಮಗುಚಿ, ಒಂದರ ಮೇಲೊಂದು ಪೇರಿಸಿ ಆಡಬಹುದು, ಆಟ ಮುಗಿದ ಮೇಲೆ ಆಟಿಕೆಗಳನ್ನು ಅವುಗಳಲ್ಲೇ ತುಂಬಿಡಬಹುದು. ಹಣದುಬ್ಬರ ಎಷ್ಟು ಕೆಟ್ಟಿತ್ತೆಂದರೆ, ಥುರಿಂಗಿಯದ ಬ್ಯಾಂಕಿಗಾಗಿ ದೊಡ್ಡ ಮೊತ್ತದ ತುರ್ತು ನೋಟುಗಳನ್ನು ವಿನ್ಯಾಸಗೊಳಿಸಿದವರೂ ಇದೇ ಶಾಲೆಯ ವಿದ್ಯಾರ್ಥಿ ಹರ್ಬರ್ಟ್ ಬಾಯರ್. ಪ್ರದರ್ಶನ ಎಲ್ಲೆಡೆ ಸುದ್ದಿಯಾಯಿತು, ಆದರೆ ಶಾಲೆಯನ್ನು ಉಳಿಸಲಿಲ್ಲ. 1924ರಲ್ಲಿ ಬಂದ ಬಲಪಂಥೀಯ ಸರ್ಕಾರ ಅನುದಾನವನ್ನು ಅರ್ಧಕ್ಕೆ ಇಳಿಸಿತು, 1925ರಲ್ಲಿ ಬೌಹೌಸ್ ಡೆಸ್ಸೌ ನಗರಕ್ಕೆ ಗಂಟುಮೂಟೆ ಕಟ್ಟಿತು.

ನಾವು ಇಂದು ಕಾಣುವ ಪದವಿ ಪ್ರದರ್ಶನಕ್ಕೆ ರೂಪ ಬಂದದ್ದು ಎರಡನೆಯ ಮಹಾಯುದ್ಧದ ನಂತರ, ಕಲಾಶಿಕ್ಷಣ ವಿಶ್ವವಿದ್ಯಾಲಯದ ಪದವಿಗೆ ಸಮನಾಗಬೇಕು ಎಂಬ ಒತ್ತಡದಲ್ಲಿ. ಬ್ರಿಟನ್ನಿನಲ್ಲಿ 1960ರ ಕೋಲ್ಡ್‌ಸ್ಟ್ರೀಮ್ ವರದಿ ಕೇಂದ್ರೀಕೃತ ಪರೀಕ್ಷೆಯ ಹಳೆಯ ಡಿಪ್ಲೊಮಾವನ್ನು ಕೈಬಿಟ್ಟು, ಪಠ್ಯ ಮತ್ತು ಮೌಲ್ಯಮಾಪನವನ್ನು ಬಹುಮಟ್ಟಿಗೆ ಆಯಾ ಕಾಲೇಜಿಗೇ ಒಪ್ಪಿಸುವ ಹೊಸ ಡಿಪ್ಲೊಮಾವನ್ನು ಸೂಚಿಸಿತು. ಜೊತೆಗೆ ಕಲಾ ಇತಿಹಾಸದ ಬರವಣಿಗೆಯನ್ನು ಕಡ್ಡಾಯ ಮಾಡಿತು. ಎಲ್ಲರಿಗೂ ಒಂದೇ ಪ್ರಶ್ನೆ ಎಂಬುದು ಹೋಯಿತು. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನದೇ ಪ್ರಶ್ನೆ ಹಾಕಿಕೊಂಡು ತಾನೇ ಉತ್ತರಿಸಬೇಕಾಯಿತು. ಆಗ ಅಂಕ ಕೊಡುವವರಿಗೆ ಉಳಿದ ದಾರಿ ಒಂದೇ: ಕೆಲಸವನ್ನೆಲ್ಲ ಒಂದು ಕಡೆ ಜೋಡಿಸಿ ನೋಡುವುದು.

ಈ ಹೊರಳುವಿಕೆಯನ್ನು ಬ್ರಿಟಿಷ್ ಚಿತ್ರಕಾರ ಡೇವಿಡ್ ಹಾಕ್ನಿ ಅವರ ಒಂದು ಚಿತ್ರದಲ್ಲೇ ಕಾಣಬಹುದು. 1962ರಲ್ಲಿ ರಾಯಲ್ ಕಾಲೇಜ್ ಆಫ್ ಆರ್ಟ್‌ನಿಂದ ಹೊರಬೀಳುವಾಗ ಅವರು ಮಾದರಿಯನ್ನು ನೋಡಿ ದೇಹಚಿತ್ರ ಬರೆಯುವ ನಿಯಮವನ್ನು ಪೂರೈಸಬೇಕಿತ್ತು. ಅವರು ಅಮೆರಿಕದ ವ್ಯಾಯಾಮ ಪತ್ರಿಕೆಯೊಂದರ ಕಟ್ಟುಮಸ್ತು ಯುವಕನನ್ನು ಕ್ಯಾನ್ವಾಸಿಗೆ ತಂದು, ಪಕ್ಕದಲ್ಲಿ ತಾವೇ ಬರೆದ ಅಸ್ಥಿಪಂಜರದ ಅಚ್ಚುಕಟ್ಟಾದ ರೇಖಾಚಿತ್ರವನ್ನು ಅಂಟಿಸಿದರು. ನಿಮಗೆ ಬೇಕಾದ ಪಾಂಡಿತ್ಯ ಇಲ್ಲಿದೆ, ನನಗೆ ಬೇಕಾದ ಚಿತ್ರ ಅಲ್ಲಿದೆ ಎಂದಂತೆ. ಲಿಖಿತ ಪ್ರಬಂಧದ ವಿಚಾರದಲ್ಲಿಯೂ ಅವರು ತಕರಾರು ತೆಗೆದರು. ಕೊನೆಗೆ ಕಾಲೇಜೇ ಮಣಿದು ಡಿಪ್ಲೊಮಾದ ಜೊತೆ ಚಿನ್ನದ ಪದಕವನ್ನೂ ಕೊಟ್ಟಿತು. ಪರೀಕ್ಷೆಗೆಂದು ಬರೆದದ್ದು ಕಲಾಕೃತಿಯಾಗಿಯೂ ನಿಲ್ಲಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಹಾಗೆ ನಿಲ್ಲಬಲ್ಲದು ಎಂದ ಮೇಲೆ ಅದಕ್ಕೆ ಬೆಲೆಯೂ ಬರುತ್ತದೆ. 1988ರಲ್ಲಿ ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನಲ್ಲಿ ಇನ್ನೂ ಓದುತ್ತಿದ್ದ ಡೇಮಿಯನ್ ಹರ್ಸ್ಟ್, ಕಾಲೇಜಿನ ಪ್ರದರ್ಶನಕ್ಕಾಗಿ ಕಾಯದೆ, ಹಡಗುಕಟ್ಟೆಯ ಖಾಲಿ ಕಟ್ಟಡವೊಂದರಲ್ಲಿ ಸಹಪಾಠಿಗಳ ಕೃತಿಗಳನ್ನು ಕಲೆಹಾಕಿ ‘ಫ್ರೀಜ್’ ಎಂಬ ಪ್ರದರ್ಶನ ಮಾಡಿದರು. ಪ್ರಾಯೋಜಕರನ್ನು ಹಿಡಿದರು, ಕ್ಯಾಟಲಾಗ್ ಅಚ್ಚು ಹಾಕಿಸಿದರು, ಗಣ್ಯರನ್ನು ಕರೆತಂದರು. ಸಂಗ್ರಾಹಕ ಚಾರ್ಲ್ಸ್ ಸಾಚಿ ಬಂದು ನೋಡಿದರು. ಅಲ್ಲಿಂದ ಮುಂದೆ ಪದವಿ ಪ್ರದರ್ಶನಕ್ಕೆ ಹೋಗುವವರ ಕಣ್ಣು ಬದಲಾಯಿತು.

ನಾಲ್ಕು ವರ್ಷಗಳ ನಂತರ ಜೆನ್ನಿ ಸ್ಯಾವಿಲ್ ಗ್ಲಾಸ್ಗೊ ಕಲಾಶಾಲೆಯ ಪದವಿ ಪ್ರದರ್ಶನದಲ್ಲಿ ತಮ್ಮ ಚಿತ್ರಗಳನ್ನಿಟ್ಟರು. ಅವುಗಳಲ್ಲಿ ‘ಪ್ರಾಪ್ಡ್’ ಒಂದು: ಸಣ್ಣ ಸ್ಟೂಲಿನ ಮೇಲೆ ಕುಳಿತ ಭಾರೀ ಮೈಯ ಹೆಣ್ಣು, ತೊಡೆಗೆ ಒತ್ತಿ ಹಿಡಿದ ಬೆರಳುಗಳು, ಇಡೀ ಮೈಮೇಲೆ ಕನ್ನಡಿಬಿಂಬದಂತೆ ತಿರುಗಿಸಿ ಗೀರಿದ ಅಕ್ಷರಗಳು. ಚಿತ್ರದ ಎದುರಿಗೆ ಒಂದು ಕನ್ನಡಿ ಇಟ್ಟಿದ್ದರು. ಬರಹ ಓದಬೇಕಾದರೆ ಕನ್ನಡಿಯತ್ತ ತಿರುಗಬೇಕು. ತಿರುಗಿದರೆ ಆ ಹೆಣ್ಣಿನ ಜೊತೆ ನೋಡುಗರಿಗೆ ತಮ್ಮ ಮುಖವೂ ಕಾಣುತ್ತದೆ. ಪರೀಕ್ಷೆಗೆಂದು ಸಿದ್ಧವಾದ ಕೋಣೆಯಲ್ಲಿ ವಿದ್ಯಾರ್ಥಿನಿಯೊಬ್ಬರು ಇಷ್ಟನ್ನು ಯೋಚಿಸಿದ್ದರು. 2018ರಲ್ಲಿ ಅದೇ ಚಿತ್ರ ಹರಾಜಿನಲ್ಲಿ 95 ಲಕ್ಷ ಪೌಂಡಿಗೆ ಮಾರಾಟವಾಗಿ, ಬದುಕಿರುವ ಕಲಾವಿದೆಯ ಕೃತಿಗೆ ಅಲ್ಲಿಯವರೆಗೆ ಸಿಕ್ಕ ಅತಿ ಹೆಚ್ಚಿನ ಬೆಲೆ ಎಂಬ ದಾಖಲೆ ಬರೆಯಿತು.

ಸ್ಯಾವಿಲ್ ಆ ಯಶಸ್ಸಿಗೆ ಅರ್ಹರು. ಆದರೆ ಇಂಥ ಕಥೆಗಳು ಹಬ್ಬಿದಷ್ಟೂ ಉಳಿದ ವಿದ್ಯಾರ್ಥಿಗಳ ಮೇಲೆ ಭಾರ ಏರಿತು. ಇಪ್ಪತ್ತೆರಡರ ಹರೆಯದಲ್ಲಿ, ಇನ್ನೂ ತಡಕಾಡುತ್ತಿರಬೇಕಾದ ವಯಸ್ಸಿನಲ್ಲಿ, ಸಿದ್ಧಶೈಲಿ ಇರಬೇಕು ಎಂಬ ನಿರೀಕ್ಷೆ ಬಂತು. ಚೌಕಟ್ಟು, ಪ್ರೊಜೆಕ್ಟರ್, ಮುದ್ರಣ, ಸಾಗಾಟದ ಖರ್ಚು ಬಹುಪಾಲು ವಿದ್ಯಾರ್ಥಿಯ ಜೇಬಿನಿಂದಲೇ ಹೋಗುತ್ತದೆ. ಹಣವಿದ್ದವರ ಗೋಡೆ ಹೆಚ್ಚು ಮೆರುಗಾಗಿ ಕಾಣುತ್ತದೆ. ಇದು ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಕೊನೆಯ ವಾರಗಳ ಧಾವಂತಕ್ಕೆ ಅಪಾಯವೂ ಇದೆ. 2014ರ ಮೇ 23ರಂದು, ಮ್ಯಾಕಿಂಟಾಷ್ ವಿನ್ಯಾಸ ಮಾಡಿದ ಗ್ಲಾಸ್ಗೊ ಕಲಾಶಾಲೆಯ ಕಟ್ಟಡದಲ್ಲಿ ವಿದ್ಯಾರ್ಥಿಗಳು ಪದವಿ ಪ್ರದರ್ಶನಕ್ಕೆ ಸಿದ್ಧತೆ ನಡೆಸಿದ್ದಾಗಲೇ ಬೆಂಕಿ ಬಿತ್ತು. ಇನ್‌ಸ್ಟಲೇಷನ್ ಒಂದಕ್ಕೆ ಬಳಸಿದ ಫೋಮ್‌ನಿಂದ ಹೊರಟ ಅನಿಲ, ಬಿಸಿಯಾದ ಪ್ರೊಜೆಕ್ಟರಿನ ಬಳಿ ಹೊತ್ತಿಕೊಂಡಿತ್ತು. ಪ್ರಾಣಹಾನಿ ಆಗಲಿಲ್ಲ, ಹೆಸರಾಂತ ಗ್ರಂಥಾಲಯ ಉಳಿಯಲಿಲ್ಲ. ಹಲವು ವಿದ್ಯಾರ್ಥಿಗಳು ವರ್ಷದ ಕೆಲಸವನ್ನೇ ಕಳೆದುಕೊಂಡರು. ಮತ್ತೆ ಕೆಲಸ ಮಾಡಲು ಅವರಿಗೆ ಸ್ಕಾಟ್ಲೆಂಡ್ ಸರ್ಕಾರದ ನೆರವಿನಿಂದ ವಿದ್ಯಾರ್ಥಿವೇತನ ಕೊಡಲಾಯಿತು.

ಪರೀಕ್ಷೆಯೋ ಪ್ರದರ್ಶನವೋ ಎಂಬ ಪ್ರಶ್ನೆ ಪೊಲೀಸರವರೆಗೆ ಹೋದದ್ದು ಬರೋಡಾದಲ್ಲಿ. 2007ರ ಮೇ ತಿಂಗಳಲ್ಲಿ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದಲ್ಲಿ ವಾರ್ಷಿಕ ಪರೀಕ್ಷೆಗೆಂದು ಕೃತಿಗಳನ್ನು ಜೋಡಿಸಲಾಗಿತ್ತು. ಧಾರ್ಮಿಕ ಭಾವನೆಗೆ ಧಕ್ಕೆಯಾಯಿತೆಂದು ಹೊರಗಿನವರು ಒಳನುಗ್ಗಿ ಗಲಾಟೆ ಮಾಡಿದರು. ಬಂಧನಕ್ಕೊಳಗಾದದ್ದು ಸ್ನಾತಕೋತ್ತರ ವಿದ್ಯಾರ್ಥಿ. ಪ್ರತಿಭಟನೆಯಾಗಿ ಸಹಪಾಠಿಗಳು ಭಾರತೀಯ ಕಲಾಪರಂಪರೆಯ ಶೃಂಗಾರ ಶಿಲ್ಪಗಳ ಚಿತ್ರಗಳನ್ನು ಪ್ರದರ್ಶಿಸಿದರು. ಅದನ್ನು ಮುಚ್ಚಲು ಒಪ್ಪದ ಪ್ರಭಾರ ಡೀನ್ ಅಮಾನತುಗೊಂಡರು. ಪರೀಕ್ಷಕರು ನೋಡಬೇಕಾದ ಕೆಲಸಕ್ಕೆ ಪರೀಕ್ಷಕರಿಗಿಂತ ಮೊದಲು ಬೀದಿ ತೀರ್ಪು ಕೊಟ್ಟಿತು. ವಿದ್ಯಾರ್ಥಿಯ ಬೆನ್ನಿಗೆ ನಿಲ್ಲಬೇಕಾಗಿದ್ದುದು ವಿಶ್ವವಿದ್ಯಾಲಯ, ಅದು ನಿಲ್ಲಲಿಲ್ಲ. ಕಲಿಕೆಯ ಕೋಣೆಗೆ ಸಿಗಬೇಕಾದ ರಕ್ಷಣೆಯನ್ನು ಬಾಗಿಲು ತೆರೆದಿತ್ತು ಎಂಬ ಕಾರಣಕ್ಕೆ ಕಿತ್ತುಕೊಳ್ಳುವುದನ್ನು ಒಪ್ಪಲಾಗದು.

2020ರಲ್ಲಿ ಕೋವಿಡ್ ಬಂದು ಬಾಗಿಲುಗಳೇ ಮುಚ್ಚಿದವು. ಪ್ರಪಂಚದ ಎಷ್ಟೋ ಕಲಾಶಾಲೆಗಳು ಪದವಿ ಪ್ರದರ್ಶನವನ್ನು ಆನ್‌ಲೈನ್‌ಗೆ ಸಾಗಿಸಿದವು. ಅಂಗೈಯಗಲದ ಅಚ್ಚುಚಿತ್ರವೂ ಆಳೆತ್ತರದ ಕ್ಯಾನ್ವಾಸೂ ಪರದೆಯಲ್ಲಿ ಒಂದೇ ಗಾತ್ರವಾದವು. ಶಿಲ್ಪದ ಹಿಂಬದಿ ಕಾಣದಾಯಿತು. ಗೋಡೆ ಬೇಕೇ ಬೇಕು ಎಂದು ವಿದ್ಯಾರ್ಥಿಗಳು ಹಲವೆಡೆ ಹಟ ಹಿಡಿದರು, ಶುಲ್ಕ ವಾಪಸ್ ಕೇಳಿದರು. ಕಟ್ಟಡಗಳು ತೆರೆದ ಮೇಲೆ ಪ್ರದರ್ಶನವೂ ಗೋಡೆಗೆ ಮರಳಿತು, ಆನ್‌ಲೈನ್ ಆವೃತ್ತಿಯನ್ನು ಮಾತ್ರ ಅನೇಕ ಶಾಲೆಗಳು ಕೈಬಿಡಲಿಲ್ಲ. ಅದರಿಂದ ಒಂದು ಒಳ್ಳೆಯದಾಗಿದೆ. ಇಡಲು ಜಾಗವಿಲ್ಲದೆ, ಸಾಗಿಸಲು ಹಣವಿಲ್ಲದೆ, ಪ್ರದರ್ಶನ ಬಿಚ್ಚುವ ದಿನವೇ ಒಡೆದು ಎಸೆಯಬೇಕಾಗುವ ದೊಡ್ಡ ಕೃತಿಗಳಿಗೆ ಈಗ ಕನಿಷ್ಠ ಒಂದು ದಾಖಲೆ ಉಳಿಯುತ್ತದೆ, ಕೆಲಸ ಕೇಳಿಕೊಂಡು ಹೋಗುವಾಗ ವಿದ್ಯಾರ್ಥಿ ಅದನ್ನು ತೋರಿಸಬಹುದು.