ಗೋಡೆ ತಿರುಗಿಸಿದ ಕಾರು

ಹೆಚ್ಚಾಗಿ ಅಂಡಾಕಾರದ ಟ್ರ್ಯಾಕಿನಲ್ಲಿ ಸುತ್ತುವ ಅಮೆರಿಕದ ನ್ಯಾಸ್ಕಾರ್ ಕಾರು ರೇಸಿನ ಮಾತೆತ್ತಿದರೆ ಸಾಕು, ಫಾರ್ಮುಲಾ ಒನ್ ನೋಡುವ ನಮ್ಮ ಗೆಳೆಯರು ಒಂದೇ ಮಾತು ಹೇಳುತ್ತಾರೆ: "ಅದರಲ್ಲೇನಿದೆ, ಸುಮ್ನೆ ಎಡಕ್ಕೆ ತಿರುಗಿಸ್ತಾ ಇರೋದು ಅಲ್ವಾ?" ಇದನ್ನು ಕೇಳಿದಾಗಲೆಲ್ಲ ನನಗೆ ತಾಳ್ಮೆ ತಪ್ಪುತ್ತದೆ. ಒಂದೂವರೆ ಟನ್ ತೂಕದ ಕಾರನ್ನು ಎಡಕ್ಕೆ ತಿರುಗಿಸಲು ಎಷ್ಟು ಬಲ ಬೇಕು, ಆ ಬಲ ಎಲ್ಲಿಂದ ಬರುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿದವರು ಹೀಗೆ ಹೇಳುವುದಿಲ್ಲ. ಆ ಲೆಕ್ಕ ಎಲ್ಲರ ಕಣ್ಣೆದುರೇ ಬಂದ ದಿನ 2022ರ ಅಕ್ಟೋಬರ್ 30. ಜಾಗ ಅಮೆರಿಕದ ವರ್ಜೀನಿಯಾ ರಾಜ್ಯದ ಮಾರ್ಟಿನ್ಸ್‌ವಿಲ್ ಟ್ರ್ಯಾಕ್. ಅವತ್ತು ಅದರ ಏಟು ತಿಂದವನು ಅದೇ ರಾಜ್ಯದಲ್ಲಿ ಬೆಳೆದ ಡೆನ್ನಿ ಹ್ಯಾಮ್ಲಿನ್.

ಹ್ಯಾಮ್ಲಿನ್ ಹುಟ್ಟಿದ್ದು ಫ್ಲೋರಿಡಾದಲ್ಲಿ, ಬೆಳೆದದ್ದು ವರ್ಜೀನಿಯಾದ ಚೆಸ್ಟರ್‌ಫೀಲ್ಡ್‌ನಲ್ಲಿ. ಮಾರ್ಟಿನ್ಸ್‌ವಿಲ್‌ನಲ್ಲಿ ಅಷ್ಟು ಹೊತ್ತಿಗಾಗಲೇ ಐದು ಸಲ ಗೆದ್ದಿದ್ದ. ಇಲ್ಲಿ ಗೆದ್ದವರಿಗೆ ಕಪ್ ಕೊಡುವುದಿಲ್ಲ, ಆಳೆತ್ತರದ ಲೋಲಕದ ಗಡಿಯಾರ ಕೊಡುತ್ತಾರೆ. 1964ರಿಂದ ನಡೆದುಬಂದ ಪದ್ಧತಿ ಇದು. ಆ ಭಾನುವಾರ ಹ್ಯಾಮ್ಲಿನ್‌ಗೆ ಗಡಿಯಾರಕ್ಕಿಂತ ದೊಡ್ಡದೊಂದು ಬೇಕಿತ್ತು. ಮುಂದಿನ ವಾರ ಫೀನಿಕ್ಸ್‌ನಲ್ಲಿ ಚಾಂಪಿಯನ್‌ಶಿಪ್‌ನ ಕೊನೆಯ ರೇಸ್, ಪಟ್ಟಕ್ಕೆ ಸೆಣಸುವ ಅವಕಾಶ ನಾಲ್ಕೇ ಜನಕ್ಕೆ. ಅಷ್ಟೊಂದು ರೇಸ್ ಗೆದ್ದಿದ್ದರೂ ಅಲ್ಲಿಯವರೆಗೆ ಚಾಂಪಿಯನ್ ಪಟ್ಟ ಮಾತ್ರ ಅವನಿಗೆ ಸಿಕ್ಕಿರಲಿಲ್ಲ. 500 ಸುತ್ತಿನ ರೇಸಿನಲ್ಲಿ 200ಕ್ಕೂ ಹೆಚ್ಚು ಸುತ್ತು ಅವನೇ ಎಲ್ಲರಿಗಿಂತ ಮುಂದಿದ್ದ. ಸಾವಿರಾರು ಜನ ಅವನಿಗಾಗಿಯೇ ಬಂದು ಕೂತಿದ್ದರು.

ಈ ಟ್ರ್ಯಾಕಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಎಚ್. ಕ್ಲೇ ಅರ್ಲ್ಸ್ ಎಂಬಾತ ಇದನ್ನು ಕಟ್ಟಿಸಿದ್ದು 1947ರಲ್ಲಿ, ಅಂದರೆ ನ್ಯಾಸ್ಕಾರ್ ಸಂಸ್ಥೆ ಹುಟ್ಟುವುದಕ್ಕೂ ಮೊದಲು. ಆಗ ಬರೀ ಮಣ್ಣಿನ ಹಾದಿ, ಡಾಂಬರು ಬಂದದ್ದು 1955ರಲ್ಲಿ. ಆ ಕಾಲದ ಎಷ್ಟೋ ಚಾಲಕರು ರಾತ್ರಿ ಹೊತ್ತು ಕಳ್ಳಭಟ್ಟಿ ಸಾಗಿಸಿ, ಪೊಲೀಸರಿಂದ ತಪ್ಪಿಸಿಕೊಳ್ಳುತ್ತಾ ಗುಡ್ಡದ ತಿರುವುಗಳಲ್ಲಿ ಕಾರು ಓಡಿಸುವುದನ್ನು ಕಲಿತವರು. ಇಲ್ಲಿಂದ ಹೆಚ್ಚು ದೂರವಿಲ್ಲದ ಡ್ಯಾನ್‌ವಿಲ್‌ನ ವೆಂಡೆಲ್ ಸ್ಕಾಟ್ ಕೂಡ ಆ ದಂಧೆಯಿಂದಲೇ ರೇಸಿಗೆ ಬಂದವನು. 1963ರ ಡಿಸೆಂಬರ್‌ನಲ್ಲಿ ನ್ಯಾಸ್ಕಾರ್‌ನ ಮೇಲಿನ ಹಂತದ ರೇಸ್ ಗೆದ್ದ ಮೊದಲ ಕಪ್ಪು ಚಾಲಕ. ಆ ಗೆಲುವನ್ನು ಅಲ್ಲೇ ಒಪ್ಪಿಕೊಳ್ಳದೆ, ಬೇರೆಯವನನ್ನು ವಿಜೇತ ಅಂತ ಘೋಷಿಸಿ, ಜನರೆಲ್ಲ ಹೋದ ಮೇಲೆ ಗೆದ್ದವನು ಸ್ಕಾಟ್ ಅಂತ ಒಪ್ಪಿಕೊಂಡರು. ಬೇಸರದ ಚರಿತ್ರೆ, ಆದರೆ ಮರೆಯಬಾರದ್ದು. 1949ರ ಮೊದಲ ಋತುವಿನಿಂದ ಇಂದಿನವರೆಗೆ ಒಂದು ವರ್ಷವೂ ತಪ್ಪದೆ ಆ ಮೇಲಿನ ಹಂತದ ರೇಸ್ ಪಟ್ಟಿಯಲ್ಲಿ ಉಳಿದಿರುವುದು ಮಾರ್ಟಿನ್ಸ್‌ವಿಲ್ ಒಂದೇ.

ಮೇಲಿಂದ ನೋಡಿದರೆ ಎರಡು ಉದ್ದನೆಯ ನೇರ ಹಾದಿ, ಎರಡು ತುದಿಗೆ ಎರಡು ಬಿಗಿಯಾದ ಅರ್ಧ ವೃತ್ತ. ನೇರ ಹಾದಿ ತಲಾ 800 ಅಡಿ, ತಿರುವು ತಲಾ 588 ಅಡಿ. ಒಟ್ಟು ಸುಮಾರು 847 ಮೀಟರ್. 588 ಅಡಿಯ ಅರ್ಧ ವೃತ್ತ ಅಂದರೆ ಅದರ ತ್ರಿಜ್ಯ ಸುಮಾರು 57 ಮೀಟರ್. ತಿರುವಿನ ವಾಲು 12 ಡಿಗ್ರಿ ಮಾತ್ರ. ಟ್ಯಾಲಡೆಗಾದಂಥ ದೊಡ್ಡ ಟ್ರ್ಯಾಕಿನಲ್ಲಿ ಅದು 33 ಡಿಗ್ರಿ. ವಾಲು ಹೆಚ್ಚಿದ್ದರೆ ರಸ್ತೆಯೇ ಕಾರನ್ನು ಒಳಕ್ಕೆ ತಳ್ಳುತ್ತದೆ. ಇಲ್ಲಿ ಆ ಸಹಾಯ ಕಡಿಮೆ, ಬಹುಪಾಲು ಕೆಲಸ ಟೈರುಗಳದ್ದು.

ಓಡುತ್ತಿರುವ ಕಾರನ್ನು ಅದರ ಪಾಡಿಗೆ ಬಿಟ್ಟರೆ ಅದು ನೇರ ಹೋಗುತ್ತದೆ. ತಿರುಗಬೇಕೆಂದರೆ ಯಾರಾದರೂ ಅದನ್ನು ಪಕ್ಕಕ್ಕೆ, ವೃತ್ತದ ನಡುವಿನ ಕಡೆಗೆ ತಳ್ಳಬೇಕು. ಎಷ್ಟು ತಳ್ಳಬೇಕು ಅನ್ನುವುದು ವೇಗದ ವರ್ಗದ ಮೇಲೆ ನಿಂತಿದೆ. ವೇಗ ಎರಡು ಪಟ್ಟಾದರೆ ಬೇಕಾದ ತಳ್ಳು ನಾಲ್ಕು ಪಟ್ಟು. ಟೈರು ಮತ್ತು ವಾಲು ಸೇರಿ ಗುರುತ್ವದ ಒಂದೂವರೆ ಪಟ್ಟು ಬಲ ಕೊಡುತ್ತವೆ ಅಂತ ಇಟ್ಟುಕೊಂಡರೆ, 57 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ ಸುಮಾರು 105 ಕಿಲೋಮೀಟರ್ ದಾಟುವಂತಿಲ್ಲ. ನೇರ ಹಾದಿಯಲ್ಲಿ ಇವರು ಮುಟ್ಟುವ ವೇಗ 190ರ ಆಸುಪಾಸು. ಅಂದರೆ ಪ್ರತಿ ತಿರುವಿಗೂ ವೇಗ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಬೇಕು. ಪ್ರತಿ ಸಲವೂ ಒಂದೂವರೆ ಮೆಗಾಜೂಲ್‌ನಷ್ಟು ಶಕ್ತಿ ಬ್ರೇಕಿನಲ್ಲಿ ಶಾಖವಾಗುತ್ತದೆ, ರೇಸ್ ಮುಗಿಯುವುದರೊಳಗೆ ಇದು ಸಾವಿರ ಸಲ. ಬ್ರೇಕ್ ಡಿಸ್ಕುಗಳು ಕೆಂಪಗೆ ಹೊಳೆಯುವುದು ಇಲ್ಲಿ ಮಾಮೂಲು.

ಇದಕ್ಕೆ ಇನ್ನೊಂದು ತೊಡಕಿದೆ. ಟೈರಿನ ಹಿಡಿತಕ್ಕೆ ಒಟ್ಟು ಒಂದು ಮಿತಿ ಇದೆ. ಅದರಲ್ಲಿ ಬ್ರೇಕಿಗೆ ಜಾಸ್ತಿ ಕೊಟ್ಟರೆ ತಿರುಗಲು ಉಳಿಯುವುದು ಕಡಿಮೆ. ಬ್ರೇಕನ್ನು ನಿಧಾನವಾಗಿ ಬಿಡುತ್ತಾ, ಬಿಟ್ಟಷ್ಟನ್ನು ತಿರುವಿಗೆ ಕೊಡುತ್ತಾ, ಟೈರು ಸವೆದ ಹಾಗೆಲ್ಲ ಲೆಕ್ಕ ಬದಲಿಸುತ್ತಾ ಹೋಗುವುದೇ ಈ ಟ್ರ್ಯಾಕಿನ ವಿದ್ಯೆ. ತವರಿನ ಟ್ರ್ಯಾಕ್ ಅದೃಷ್ಟ ತರುತ್ತದೆ ಅಂತ ಅಭಿಮಾನಿಗಳು ನಂಬುತ್ತಾರೆ. ನ್ಯಾಸ್ಕಾರ್‌ನಲ್ಲಿ ಇಂಥ ನಂಬಿಕೆಗಳಿಗೆ ಕೊರತೆಯೇ ಇಲ್ಲ. ಹಸಿರು ಕಾರು ಅಪಶಕುನ, ಗ್ಯಾರೇಜಿನಲ್ಲಿ ಕಡಲೆಕಾಯಿ ಸಿಪ್ಪೆ ಬಿದ್ದರೆ ಅಪಶಕುನ ಅಂತ ದಶಕಗಳ ಕಾಲ ಜನ ಹೆದರಿದ್ದಾರೆ. ಹ್ಯಾಮ್ಲಿನ್‌ಗೆ ಐದು ಗಡಿಯಾರ ತಂದುಕೊಟ್ಟದ್ದು ಅವನ ಬ್ರೇಕ್ ಕಾಲು.

ಕೊನೆಯ ಸುತ್ತಿಗೆ ಬರೋಣ. ಆ ಹೊತ್ತಿನ ಲೆಕ್ಕದಲ್ಲಿ ಫೀನಿಕ್ಸ್‌ನ ಜಾಗ ಹ್ಯಾಮ್ಲಿನ್‌ನದು. ಅವನ ಹಿಂದೆ, ಹತ್ತನೇ ಸ್ಥಾನದಲ್ಲಿ ರಾಸ್ ಚಾಸ್ಟೇನ್. ಫ್ಲೋರಿಡಾದ ಕಲ್ಲಂಗಡಿ ಬೆಳೆಗಾರರ ಮನೆಯ ಹುಡುಗ. ರೇಸ್ ಗೆದ್ದರೆ ಕಾರಿನ ಮೇಲೆ ನಿಂತು ಕಲ್ಲಂಗಡಿ ಹಣ್ಣನ್ನು ನೆಲಕ್ಕೆ ಒಡೆಯುತ್ತಾನೆ. ಹ್ಯಾಮ್ಲಿನ್‌ನ ಆ ಜಾಗ ಕಸಿದುಕೊಳ್ಳಲು ಅವನಿಗೆ ಎರಡು ಅಂಕ ಬೇಕಿತ್ತು, ಅಂದರೆ ಎರಡು ಕಾರು ದಾಟಬೇಕಿತ್ತು. ಉಳಿದಿದ್ದದ್ದು ಅರ್ಧ ಸುತ್ತು. ಹಿಂಭಾಗದ ನೇರ ಹಾದಿಯಲ್ಲಿ ಅವನು ಐದನೇ ಗೇರಿಗೆ ಹಾಕಿದ. ಎಲ್ಲರೂ ಬ್ರೇಕ್ ಒತ್ತುವ ಜಾಗದಲ್ಲಿ ಇವನು ಒತ್ತಲಿಲ್ಲ. ಕಾರಿನ ಬಲಮಗ್ಗುಲನ್ನು ಹೊರಗೋಡೆಗೆ ಆನಿಸಿ, ಸ್ಟಿಯರಿಂಗ್ ಹೆಚ್ಚುಕಡಿಮೆ ಬಿಟ್ಟು, ಆಕ್ಸಿಲರೇಟರ್ ಒತ್ತಿಕೊಂಡೇ ಗೋಡೆಗುಂಟ ಹೋದ. ಐದು ಕಾರು ದಾಟಿದ. ಹ್ಯಾಮ್ಲಿನ್‌ನನ್ನು ದಾಟಿದ್ದು ಗೆರೆಯ ಹತ್ತಿರ ಬಂದಾಗ. ಆ ಸುತ್ತಿಗೆ ಅವನು ತೆಗೆದುಕೊಂಡದ್ದು 18.845 ಸೆಕೆಂಡು, ಸರಾಸರಿ ಗಂಟೆಗೆ 161 ಕಿಲೋಮೀಟರಿಗೂ ಹೆಚ್ಚು. 2014ರಲ್ಲಿ ಜೋಯಿ ಲೊಗಾನೊ ಅರ್ಹತಾ ಸುತ್ತಿನಲ್ಲಿ, ಹೊಸ ಟೈರಿನಲ್ಲಿ ಮಾಡಿದ್ದ 18.898ರ ದಾಖಲೆಯನ್ನು 500 ಸುತ್ತು ಓಡಿ ಸವೆದ ಕಾರು ಮುರಿಯಿತು!

ಮರುದಿನದಿಂದ ಎಲ್ಲೆಲ್ಲೂ ಒಂದೇ ವಿವರಣೆ: ಕೇಂದ್ರಾಪಗಾಮಿ ಬಲ ಕಾರನ್ನು ಗೋಡೆಗೆ ಅಂಟಿಸಿತು. ನನ್ನ ತಕರಾರು ಇರುವುದು ಇಲ್ಲೇ. ಕಾರನ್ನು ಹೊರಕ್ಕೆ ಎಳೆಯುವವರು ಅಲ್ಲಿ ಯಾರೂ ಇಲ್ಲ. ಕಾರು ನೇರ ಹೋಗಲು ನೋಡುತ್ತಿದೆ, ಗೋಡೆ ಅಡ್ಡ ಬಂದು ಒಳಕ್ಕೆ ತಳ್ಳುತ್ತಿದೆ. ನಡೆಯುತ್ತಿರುವುದು ಅಷ್ಟೇ. ಕಾರಿನೊಳಗೆ ಕೂತವನ ಲೆಕ್ಕದಲ್ಲಿ ಹೊರಮುಖದ ಬಲವೊಂದನ್ನು ಸೇರಿಸಿಕೊಂಡು ಗಣಿತ ಮಾಡಬಹುದು, ತಪ್ಪಲ್ಲ. ಆದರೆ ಹಾಗೆ ಹೇಳಿದರೆ ಈ ಕಥೆಯ ಮುಖ್ಯ ಸಂಗತಿಯೇ ಕೈ ತಪ್ಪುತ್ತದೆ: ಟೈರು ಕೊಡಲಾರದ ಬಲವನ್ನು ಗೋಡೆ ಕೊಟ್ಟಿತು.

ಜಾತ್ರೆಯ ಮರಣ ಬಾವಿಯನ್ನು ನೆನಪಿಸಿಕೊಳ್ಳಿ. ಹಲಗೆಯ ನೆಟ್ಟಗಿನ ಗೋಡೆ, ಅದರ ಮೇಲೆ ಅಡ್ಡಲಾಗಿ ಸುತ್ತುವ ಬೈಕು. ಅಲ್ಲೂ ಜನ "ಬೈಕು ಹೊರಕ್ಕೆ ಎಳೆಯುತ್ತೆ, ಅದಕ್ಕೇ ಅಂಟಿಕೊಂಡಿರುತ್ತೆ" ಅನ್ನುತ್ತಾರೆ. ಸವಾರನ ತೋಳಿನ ತಾಯತವೇ ಕಾಪಾಡುತ್ತದೆ ಅನ್ನುವವರೂ ಇದ್ದಾರೆ. ಕಾಪಾಡುವುದು ವೇಗ. ಬೈಕು ನೇರ ಹೋಗಲು ನೋಡುತ್ತದೆ, ಹಲಗೆ ಅದನ್ನು ಒಳಕ್ಕೆ ತಳ್ಳಿ ತಿರುಗಿಸುತ್ತದೆ. ಆ ಒತ್ತಡ ಜೋರಾಗಿದ್ದಷ್ಟೂ ಟೈರು ಮತ್ತು ಹಲಗೆಯ ನಡುವಿನ ಘರ್ಷಣೆ ಜಾಸ್ತಿ, ಆ ಘರ್ಷಣೆಯೇ ಬೈಕನ್ನು ಕೆಳಗೆ ಬೀಳದಂತೆ ಹಿಡಿಯುತ್ತದೆ. ಬಾವಿಯ ತ್ರಿಜ್ಯ 5 ಮೀಟರ್, ಘರ್ಷಣೆ ಎಷ್ಟು ಜೋರು ಅಂತ ಹೇಳುವ ಗುಣಾಂಕ 0.7 ಅಂದುಕೊಂಡರೆ ಬೇಕಾದ ಕನಿಷ್ಠ ವೇಗ ಗಂಟೆಗೆ 30 ಕಿಲೋಮೀಟರ್ ಮಾತ್ರ. ಅದಕ್ಕಿಂತ ಕಡಿಮೆಯಾದರೆ ಯಾವ ತಾಯತವೂ ಹಿಡಿಯುವುದಿಲ್ಲ. ಮಾರ್ಟಿನ್ಸ್‌ವಿಲ್‌ಗೂ ಬಾವಿಗೂ ಒಂದು ವ್ಯತ್ಯಾಸವಿದೆ. ಬಾವಿಯಲ್ಲಿ ಘರ್ಷಣೆ ಸವಾರನ ಗೆಳೆಯ. ಚಾಸ್ಟೇನ್‌ಗೆ ಅದೇ ಶತ್ರು. ಅವನ ಭಾರವನ್ನು ಹೊರಲು ಕೆಳಗೆ ರಸ್ತೆ ಇತ್ತು. ಗೋಡೆಯ ಘರ್ಷಣೆ ಅವನನ್ನು ಹಿಂದಕ್ಕೆ ಜಗ್ಗುವ ಕೆಲಸ ಮಾತ್ರ ಮಾಡುತ್ತಿತ್ತು.

ಹಾಗಾದರೆ ಎಷ್ಟು ಜಗ್ಗಿತು? ಗೋಡೆಯ ಪಕ್ಕದಲ್ಲಿ ತ್ರಿಜ್ಯ ಸ್ವಲ್ಪ ದೊಡ್ಡದು, 65 ಮೀಟರ್ ಅನ್ನೋಣ. ವೇಗ 160 ಇದ್ದಾಗ ತಿರುಗಲು ಗುರುತ್ವದ ಮೂರು ಪಟ್ಟು ಬಲ ಬೇಕು. ಟೈರುಗಳು ಪೂರ್ತಿ ಸಹಾಯ ಮಾಡಿದರೂ ಅರ್ಧ ಉಳಿಯಿತು. ಗೋಡೆಯ ಪಾಲಿಗೆ ಬಂದದ್ದು ಎರಡು ಟನ್ನಿಗೂ ಮೀರಿದ ಒತ್ತಡ. ಈಗ ಟೈರನ್ನೂ ಇಂಜಿನ್ನನ್ನೂ ಮರೆತು, ಗೋಡೆಯೊಂದೇ ಕಾರನ್ನು ತಿರುಗಿಸಿತು ಅಂತ ಗಣಿತ ಮಾಡಿದರೆ ನನಗೆ ತುಂಬಾ ಇಷ್ಟವಾದ ಉತ್ತರ ಬರುತ್ತದೆ. ಉಳಿಯುವ ವೇಗದ ಪಾಲು ಎರಡನ್ನೇ ಅವಲಂಬಿಸಿದೆ: ಘರ್ಷಣೆಯ ಗುಣಾಂಕ, ಮತ್ತು ಒಟ್ಟು ತಿರುಗಿದ ಕೋನ. ತಿರುವು ಚಿಕ್ಕದೋ ದೊಡ್ಡದೋ, ಕಾರು ಹಗುರವೋ ಭಾರವೋ, ಲೆಕ್ಕಕ್ಕೇ ಬರುವುದಿಲ್ಲ! ಯಾಕೆಂದರೆ ಚಿಕ್ಕ ತಿರುವಿನಲ್ಲಿ ಗೋಡೆ ಜೋರಾಗಿ ಒತ್ತುತ್ತದೆ, ಆದರೆ ಕಡಿಮೆ ದೂರ. ದೊಡ್ಡದರಲ್ಲಿ ಮೆತ್ತಗೆ ಒತ್ತುತ್ತದೆ, ಆದರೆ ಹೆಚ್ಚು ದೂರ. ಎರಡೂ ಸರಿಹೋಗುತ್ತವೆ. ಕಂಬಕ್ಕೆ ಸುತ್ತಿದ ಹಗ್ಗದ ಬಗ್ಗೆ 18ನೇ ಶತಮಾನದಲ್ಲಿ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಬರೆದ ಸೂತ್ರದ ರೂಪವೇ ಇಲ್ಲೂ ಬರುತ್ತದೆ. ಗುಣಾಂಕ 0.2 ಇದ್ದರೆ, ಅರ್ಧ ವೃತ್ತ ಮುಗಿಯುವಾಗ ಉಳಿಯುವುದು ಮೊದಲಿನ ವೇಗದ ಶೇಕಡಾ 53.

ಅಂದರೆ 190ರಲ್ಲಿ ಹೋದವನು 100ಕ್ಕೆ ಬರುತ್ತಾನೆ. ಬ್ರೇಕ್ ಒತ್ತಿದವರೂ ಅಷ್ಟಕ್ಕೇ ಇಳಿದಿದ್ದರಲ್ಲ, ಲಾಭವೇನು ಬಂತು ಅಂತ ಕೇಳಬಹುದು. ಬ್ರೇಕ್ ಒತ್ತಿದವರು ತಿರುವಿನ ಆರಂಭದಲ್ಲೇ ವೇಗ ಕಳೆದುಕೊಂಡು ನಿಧಾನವಾಗಿ ಸುತ್ತುತ್ತಾರೆ. ಗೋಡೆಯವನು ಪೂರ್ತಿ ವೇಗದಲ್ಲಿ ಒಳಬಂದು ಸ್ವಲ್ಪ ಸ್ವಲ್ಪವೇ ಕಳೆದುಕೊಳ್ಳುತ್ತಾನೆ. ಜೊತೆಗೆ ಅವನ ಇಂಜಿನ್ ಉದ್ದಕ್ಕೂ ತಳ್ಳುತ್ತಲೇ ಇದೆ. 2022ರ ಕಾರಿನ ಇಂಜಿನ್ 670 ಅಶ್ವಶಕ್ತಿಯದು, ಗೋಡೆ ಕಸಿದುಕೊಂಡದ್ದರಲ್ಲಿ ದೊಡ್ಡ ಪಾಲನ್ನು ಅದು ತುಂಬಿಕೊಡಬಲ್ಲದು.

ಈ ಉಪಾಯ ಎಲ್ಲಾ ಕಡೆ ಯಾಕೆ ನಡೆಯುವುದಿಲ್ಲ ಅನ್ನುವುದಕ್ಕೂ ಇದೇ ಲೆಕ್ಕ ಉತ್ತರ ಕೊಡುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಡಾರ್ಲಿಂಗ್ಟನ್ ಟ್ರ್ಯಾಕಿನ ಕೊನೆಯ ಸುತ್ತಿನಲ್ಲಿ ಕೈಲ್ ಲಾರ್ಸನ್ ಇದನ್ನೇ ಪ್ರಯತ್ನಿಸಿದ್ದ, ಅದೂ ಇದೇ ಹ್ಯಾಮ್ಲಿನ್‌ನನ್ನು ದಾಟಲು. ಗೋಡೆಗೆ ಬಡಿದ, ಹ್ಯಾಮ್ಲಿನ್ ಗೆದ್ದ. 2008ರಲ್ಲಿ ಕ್ಯಾನ್ಸಸ್‌ನಲ್ಲಿ ಕಾರ್ಲ್ ಎಡ್ವರ್ಡ್ಸ್ ಕೂಡ ಹೀಗೇ ನುಗ್ಗಿ ಸೋತಿದ್ದ. ಡಾರ್ಲಿಂಗ್ಟನ್ ಸುಮಾರು 2.2 ಕಿಲೋಮೀಟರಿನ ಟ್ರ್ಯಾಕ್, ತಿರುವುಗಳ ವಾಲು 23ರಿಂದ 25 ಡಿಗ್ರಿ. ಅಲ್ಲಿ ಸರಿಯಾಗಿ ಓಡಿಸುವವರೇ ತಿರುವಿನಲ್ಲಿ ಅಷ್ಟೇನೂ ವೇಗ ಕಳೆದುಕೊಳ್ಳುವುದಿಲ್ಲ. ಗೋಡೆ ಕಸಿಯುವ ಪಾಲು ಮಾತ್ರ ಎಲ್ಲಿ ಹೋದರೂ ಅದೇ. ಹಾಗಾಗಿ ಎಲ್ಲರೂ ಅರ್ಧ ವೇಗ ಕಳೆದುಕೊಳ್ಳುವ ಮಾರ್ಟಿನ್ಸ್‌ವಿಲ್‌ನಂಥ ಕಡೆ ಮಾತ್ರ ಗೋಡೆ ಲಾಭ.

ಚಾಸ್ಟೇನ್ ಈ ಗಣಿತ ಮಾಡಿರಲಿಲ್ಲ. ಚಿಕ್ಕವನಿದ್ದಾಗ ಗೇಮ್‌ಕ್ಯೂಬ್ ಎಂಬ ವಿಡಿಯೊ ಗೇಮ್ ಯಂತ್ರದಲ್ಲಿ ಆಡಿದ ರೇಸಿಂಗ್ ಆಟ ನೆನಪಾಯಿತು ಅಂತ ಹೇಳಿದ. ಕಾರೂ ಗೋಡೆಯೂ ಅವನನ್ನು ಕೈಬಿಡಲಿಲ್ಲ. ಆ ವರ್ಷ ಬಂದ ಹೊಸ ಕಾರಿನ ಮೈ ತಗಡಿನದಲ್ಲ, ಗಟ್ಟಿ ಕಾಂಪೋಸಿಟ್‌ನದು. ಉಜ್ಜಿದರೆ ತಗಡಿನಂತೆ ಸುಲಭವಾಗಿ ಮಡಚಿ ಟೈರಿಗೆ ಸಿಕ್ಕಿಕೊಳ್ಳುವುದಿಲ್ಲ. ಗೋಡೆಯ ಮುಖ ನುಣುಪಾದ ಉಕ್ಕಿನ ಕೊಳವೆಗಳದ್ದು, ಹಿಂದೆ ಫೋಮ್. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಡೀನ್ ಸಿಕಿಂಗ್ ಅವರ ತಂಡ ರೂಪಿಸಿದ ಸೇಫರ್ ತಡೆಗೋಡೆ ಅದು. ಮೊದಲು ಹಾಕಿದ್ದು 2002ರಲ್ಲಿ, ಇಂಡಿಯಾನಾಪೊಲಿಸ್‌ನಲ್ಲಿ. ಅದರ ಹಿಂದಿನ ವರ್ಷ ಡೇಟೋನಾದಲ್ಲಿ ಡೇಲ್ ಅರ್ನ್‌ಹಾರ್ಟ್ ಗೋಡೆಗೆ ಅಪ್ಪಳಿಸಿ ತೀರಿಕೊಂಡಿದ್ದರು. ಜೀವ ಉಳಿಸಲು ಮಾಡಿದ ಗೋಡೆ ಹೀಗೆ ಸವಾರಿಗೂ ಒದಗುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಆದರೆ ಆ ತಿರುವಿನ ಗೋಡೆಯಲ್ಲಿ ಒಂದು ಗೇಟ್ ಇದೆ. ಅದರ ಅಂಚಿಗೆ ಕಾರು ಸಿಕ್ಕಿಕೊಂಡಿದ್ದರೆ ಆ ವೇಗವೆಲ್ಲ ಒಂದು ಕ್ಷಣದಲ್ಲಿ ನಿಲ್ಲಬೇಕಿತ್ತು, ಚೂರುಗಳು ಜನರ ಮೇಲೆ ಹಾರಬಹುದಿತ್ತು. ಅದಕ್ಕೇ 2023ರ ಜನವರಿಯಲ್ಲಿ ನ್ಯಾಸ್ಕಾರ್, ಇನ್ನು ಮುಂದೆ ಇಂಥದ್ದಕ್ಕೆ ಈಗಿರುವ ಸುರಕ್ಷತಾ ನಿಯಮದಡಿ ದಂಡ ಅಂತ ಸ್ಪಷ್ಟಪಡಿಸಿತು. ಅದು ಸರಿಯಾದ ತೀರ್ಮಾನ ಅಂತಲೇ ನನ್ನ ಅಭಿಪ್ರಾಯ.

ಅವತ್ತು ರೇಸ್ ಗೆದ್ದವನು ಕ್ರಿಸ್ಟೋಫರ್ ಬೆಲ್. ಚಾಸ್ಟೇನ್ ಫೀನಿಕ್ಸ್‌ಗೆ ಹೋಗಿ ಚಾಂಪಿಯನ್‌ಶಿಪ್‌ನಲ್ಲಿ ಎರಡನೆಯವನಾದ, ಹ್ಯಾಮ್ಲಿನ್ ಪಟ್ಟದ ಓಟದಿಂದ ಹೊರಬಿದ್ದ. ಎರಡು ವರ್ಷದ ನಂತರ, 2024ರ ನವೆಂಬರ್‌ನಲ್ಲಿ, ಅದೇ ಮಾರ್ಟಿನ್ಸ್‌ವಿಲ್‌ನ ಕೊನೆಯ ಸುತ್ತಿನಲ್ಲಿ ಬೆಲ್‌ನ ಕಾರು ಅದೇ ಗೋಡೆಗೆ ತಾಗಿ, ಅದರ ಗುಂಟವೇ ಗೆರೆಯವರೆಗೆ ಬಂತು. ಕಾರು ಜಾರಿತು, ಬೇಕೆಂದು ಮಾಡಿದ್ದಲ್ಲ ಅಂದ ಬೆಲ್. ನ್ಯಾಸ್ಕಾರ್ ಒಪ್ಪಲಿಲ್ಲ. ದಂಡ ಬಿತ್ತು, ಫೀನಿಕ್ಸ್‌ನ ನಾಲ್ಕನೇ ಜಾಗ ವಿಲಿಯಂ ಬೈರನ್ ಪಾಲಾಯಿತು.