ಓಲ್ಡ್ ನಂಬರ್ ಒನ್: ಬಿಡಿಭಾಗ ಬದಲಾದರೂ ಉಳಿದ ಹೆಸರು

ಹಳೆಯ ಕಾರುಗಳಿಗೆ ಬೆಲೆ ಕಟ್ಟುವುದು ನನ್ನ ಕಸುಬು. ಗಿರಾಕಿಗಳ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: 'ಇದು ಒರಿಜಿನಲ್ಲೇ, ಸರ್?' ಮನೆಯ ಶೆಡ್ಡಿನಲ್ಲಿ ಬೆಚ್ಚಗೆ ಮಲಗಿದ್ದ ಕಾರಾದರೆ ಹೌದು, ಅಲ್ಲ ಎಂದು ಹೇಳಿಬಿಡಬಹುದು. ರೇಸಿನಲ್ಲಿ ಓಡಿದ ಕಾರಿಗೆ ಆ ಪ್ರಶ್ನೆಯೇ ಹೊಂದುವುದಿಲ್ಲ. ಪ್ರತಿ ಓಟಕ್ಕೂ ಮೊದಲು ಅದನ್ನು ಬಿಚ್ಚುತ್ತಾರೆ, ಸವೆದದ್ದನ್ನು ಎಸೆಯುತ್ತಾರೆ, ಇನ್ನೂ ಬಲವಾದ ಎಂಜಿನ್ ಸಿಕ್ಕರೆ ಅದನ್ನೇ ಕೂರಿಸುತ್ತಾರೆ. ಹೀಗಿರುವಾಗ ಕಾರಿನ ಗುರುತು ಎಲ್ಲಿರುತ್ತದೆ? 1990ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು ಈ ಪ್ರಶ್ನೆಗೆ ಕೊಟ್ಟ ಉತ್ತರವನ್ನು ನಾನು ಈಗಲೂ ಬಳಸುತ್ತೇನೆ.

ವ್ಯಾಜ್ಯ ನಡೆದದ್ದು 'ಓಲ್ಡ್ ನಂಬರ್ ಒನ್' ಎಂಬ ಬೆಂಟ್ಲಿ ಸ್ಪೀಡ್ ಸಿಕ್ಸ್ ಕುರಿತು. 1929ರಲ್ಲಿ ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ಓಟದಲ್ಲಿ 1ನೇ ಸಂಖ್ಯೆ ಹೊತ್ತು ಗೆದ್ದ ಕಾರು ಅದು. ಚಾಲಕರು ವುಲ್ಫ್ ಬಾರ್ನಾಟೊ ಮತ್ತು ಟಿಮ್ ಬರ್ಕಿನ್. ಅಂದು ಮೊದಲ ನಾಲ್ಕೂ ಸ್ಥಾನ ಬೆಂಟ್ಲಿಗಳ ಪಾಲಾದವು. ಮರುವರ್ಷ ಗ್ಲೆನ್ ಕಿಡ್ಸ್ಟನ್ ಜೊತೆಗೂಡಿ ಬಾರ್ನಾಟೊ ಅದೇ ಕಾರಿನಲ್ಲಿ ಮತ್ತೆ ಗೆದ್ದ. ಕಿಂಬರ್ಲಿಯ ವಜ್ರದ ಗಣಿಗಳಿಂದ ಬಂದ ಸಂಪತ್ತಿನ ವಾರಸುದಾರ ಈತ, ಬೆಂಟ್ಲಿ ಕಂಪನಿಯ ಅಧ್ಯಕ್ಷನೂ ಹೌದು. ಲೆ ಮಾನ್‌ನಲ್ಲಿ ಓಡಿದ್ದು ಮೂರು ಸಲ, ಮೂರು ಸಲವೂ ಗೆಲುವು. ದುಡ್ಡಿದ್ದವನ ಶೋಕಿ ಎಂದು ತಳ್ಳಿಹಾಕುವಂತಿಲ್ಲ.

1930ರಲ್ಲಿ ಕಂಪನಿ ರೇಸಿನಿಂದ ಹಿಂದೆ ಸರಿಯಿತು, ಮುಂದಿನ ವರ್ಷ ದಿವಾಳಿಯಾಗಿ ರೋಲ್ಸ್‌ರಾಯ್ಸ್ ಕೈಸೇರಿತು. ಕಾರು ಮಾತ್ರ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಓಡುತ್ತಲೇ ಇತ್ತು. 1932ರ ಹೊತ್ತಿಗೆ ಆರೂವರೆ ಲೀಟರ್ ಎಂಜಿನ್ ಹೋಗಿ ಎಂಟು ಲೀಟರ್ ಎಂಜಿನ್ ಬಂದಿತ್ತು. ಆ ಸೆಪ್ಟೆಂಬರಿನ 500 ಮೈಲಿ ಓಟದಲ್ಲಿ ಕಾರು ಟ್ರ್ಯಾಕಿನ ಇಳಿಜಾರು ಗೋಡೆಯ ಮೇಲಂಚು ದಾಟಿ ಆಚೆ ಉರುಳಿತು. ಚಾಲಕ ಕ್ಲೈವ್ ಡನ್ಫಿ ಸತ್ತ. ನಜ್ಜುಗುಜ್ಜಾದದ್ದನ್ನು ಬಾರ್ನಾಟೊ ಗುಜರಿಗೆ ಹಾಕದೆ, ರಸ್ತೆಯಲ್ಲಿ ಓಡಿಸಲು ಕೂಪೆಯಾಗಿ, ಅಂದರೆ ಎರಡು ಬಾಗಿಲಿನ ಮುಚ್ಚಿದ ಕಾರಾಗಿ, ಮರುಕಟ್ಟಿಸಿಕೊಂಡ.

ಇನ್ನು ವ್ಯಾಜ್ಯಕ್ಕೆ ಬರೋಣ. 1990ರ ಏಪ್ರಿಲ್‌ನಲ್ಲಿ ಅಂದಿನ ಮಾಲೀಕರಿಂದ ಮಿಡಲ್‌ಬ್ರಿಡ್ಜ್ ಸಿಮಿಟಾರ್ ಎಂಬ ಸಂಸ್ಥೆ ಇದನ್ನು 1 ಕೋಟಿ ಪೌಂಡ್ ಬೆಲೆಗೆ ಕೊಳ್ಳಲು ಒಪ್ಪಿತು. ಆಮೇಲೆ ಇದು ನಿಜವಾದ ಓಲ್ಡ್ ನಂಬರ್ ಒನ್ ಅಲ್ಲ ಎಂದು ಹಿಂಜರಿಯಿತು. ತಜ್ಞರು ಕಾರನ್ನು ಇಂಚಿಂಚು ಪರಿಶೀಲಿಸಿದರು. 1929ರ ಕಾರಿನದು ಎಂದು ಖಚಿತವಾಗಿ ಹೇಳಬಹುದಾದದ್ದು ಹೆಚ್ಚುಕಡಿಮೆ ಏನೂ ಇಲ್ಲ, ಕಾಲ ನಿರ್ಣಯಿಸಲಾಗದ ಕೆಲವು ಚಿಲ್ಲರೆ ಭಾಗಗಳನ್ನು ಬಿಟ್ಟರೆ. 1930ರ ಕಾರಿನಿಂದ ಉಳಿದದ್ದು ಪೆಡಲ್ ಶಾಫ್ಟ್, ಗೇರ್‌ಬಾಕ್ಸಿನ ಹೊರಕವಚ, ಸ್ಟೀರಿಂಗ್ ಕಾಲಂ, ಇಷ್ಟೇ. ಚಾಸಿ (ಕಾರಿನ ಅಡಿಚೌಕಟ್ಟು), ಸ್ಪ್ರಿಂಗ್‌ಗಳು, ಮುಂದಿನ ಆಕ್ಸಲ್, ಎಂಜಿನ್ ಎಲ್ಲವೂ ಅಪಘಾತಕ್ಕೀಡಾದ 1932ರ ಕಾರಿನವು.

ಈ ಪಟ್ಟಿ ನೋಡಿದ ಯಾರಿಗಾದರೂ ಕೊಳ್ಳುವವರ ಪಕ್ಷವೇ ಗೆಲ್ಲಬೇಕೆನಿಸುತ್ತದೆ. ನ್ಯಾಯಮೂರ್ತಿ ಆಟನ್ ಬೇರೆಯೇ ದಾರಿ ಹಿಡಿದರು. 'ಮೂಲ ಕಾರು' ಎನ್ನಲು ಅವರೂ ಒಪ್ಪಲಿಲ್ಲ. ಆದರೆ ನಕಲು, ಪುನರ್ನಿರ್ಮಾಣ ಎಂಬ ಹಣೆಪಟ್ಟಿಯನ್ನೂ ತಳ್ಳಿಹಾಕಿ 'ಅಸಲಿ' ಎಂದು ತೀರ್ಪು ಕೊಟ್ಟರು. ಭಾಗಗಳು ಒಂದೊಂದಾಗಿ, ರೇಸಿನ ಅಗತ್ಯಕ್ಕೆ ತಕ್ಕಂತೆ ಬದಲಾದವು. ಯಾವ ಹಂತದಲ್ಲೂ ಕಾರು ಕಾಣೆಯಾಗಿ ಇನ್ನೊಂದು ಹುಟ್ಟಲಿಲ್ಲ. ಆ ಹೆಸರಿಗೆ ಹಕ್ಕು ಸಾಧಿಸಬಲ್ಲ ಬೇರೆ ಬೆಂಟ್ಲಿ ಇಲ್ಲವೇ ಇಲ್ಲ. ಮಾರಾಟಕ್ಕಿದ್ದದ್ದು ಲೋಹವಷ್ಟೇ ಅಲ್ಲ, ಚರಿತ್ರೆ ಮತ್ತು ಕೀರ್ತಿ ಕೂಡ ಎಂಬುದು ಅವರ ವಾದದ ತಿರುಳು.

ಹೆಸರಿಗೆ ಬೇರೆ ಹಕ್ಕುದಾರ ಇಲ್ಲವೆಂಬ ಮೂರನೆಯ ಅಂಶವೇ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಒಂದು ಕಾರಿನ ಚಾಸಿ ಒಬ್ಬರಲ್ಲಿ, ಎಂಜಿನ್ ಇನ್ನೊಬ್ಬರಲ್ಲಿ ಸೇರಿಕೊಂಡು, ಇಬ್ಬರೂ ಅದರ ಸುತ್ತ ಒಂದೊಂದು ಕಾರು ಕಟ್ಟಿ ಒಂದೇ ಹೆಸರು ಹೇಳತೊಡಗಿದರೆ ಬೆಲೆ ಕಟ್ಟುವವನ ಪಾಡು ಯಾರಿಗೂ ಬೇಡ. ಹೆಸರಿನ ವಿಷಯದಲ್ಲಿ ತೀರ್ಪಿಗೆ ನನ್ನ ಪೂರ್ಣ ಸಮ್ಮತಿಯಿದೆ. ಆದರೆ ಹೆಸರು ಅಸಲಿಯಾದ ಮಾತ್ರಕ್ಕೆ, 1929ರ ತಗಡು ಸಹಿತ ಉಳಿದ ಕಾರಿನ ಬೆಲೆಯನ್ನೇ ಇದಕ್ಕೂ ಹಾಕಲಾಗದು. ವರದಿ ಬರೆಯುವಾಗ ಈ ಎರಡನ್ನೂ ನಾನು ಬೇರೆ ಬೇರೆ ಪುಟಗಳಲ್ಲಿ ಇಡುತ್ತೇನೆ.

ಹಾಗೆಂದು ಲೋಹ ಪೂರ್ತಿ ಅಸಲಿಯಾಗಿದ್ದರೆ ಕಥೆಯೂ ನಿಜ ಎಂದುಕೊಳ್ಳಬೇಡಿ. ಅದೇ ಬಾರ್ನಾಟೊ 1930ರ ಮಾರ್ಚ್‌ನಲ್ಲಿ ದಕ್ಷಿಣ ಫ್ರಾನ್ಸಿನ ಕಾನ್ ನಗರದಿಂದ ಹೊರಟು, ಉತ್ತರ ತೀರದ ಕಲೇಗೆ ಹೋಗುವ 'ಬ್ಲೂ ಟ್ರೇನ್' ಎಂಬ ಐಷಾರಾಮಿ ರೈಲಿನ ಜೊತೆ ಪಂದ್ಯ ಕಟ್ಟಿದ. ರೈಲು ಕಲೇ ಬಂದರು ಮುಟ್ಟುವ ಮೊದಲೇ ಅವನ ಸ್ಪೀಡ್ ಸಿಕ್ಸ್ ಲಂಡನ್ ಸೇರಿತ್ತು. ಗರ್ನಿ ನಟಿಂಗ್ ಸಂಸ್ಥೆ ಬಾಡಿ ಕಟ್ಟಿದ, ಹಿಂಭಾಗ ಇಳಿಜಾರಾಗಿ ಸಾಗುವ ಸೊಗಸಾದ ಕೂಪೆಯೇ ಆ ಕಾರು ಎಂದು ಜನ ದಶಕಗಳ ಕಾಲ ನಂಬಿದ್ದರು. ಕಲಾವಿದ ಟೆರೆನ್ಸ್ ಕ್ಯೂನಿಯೊ ರೈಲಿನ ಪಕ್ಕದಲ್ಲಿ ಅದನ್ನೇ ಚಿತ್ರಿಸಿದ. ಆದರೆ ಆ ಕೂಪೆ ಸಿದ್ಧವಾದದ್ದೇ ಮೇ ತಿಂಗಳಲ್ಲಿ! ಪಂದ್ಯದಲ್ಲಿ ಓಡಿದ್ದು ಎಚ್.ಜೆ. ಮಲ್ಲಿನರ್ ಸಂಸ್ಥೆ ಬಾಡಿ ಕಟ್ಟಿದ ಸಾದಾ ಸಲೂನ್ ಕಾರು. ಅದನ್ನು ಬಯಲು ಮಾಡಿದ್ದು ಎರಡು ದಿನಾಂಕ. ಹಾಗಾಗಿ ಯಾರಾದರೂ ಟ್ರೋಫಿಯ ಫೋಟೊ ತೋರಿಸಿದರೆ ನಾನು ಮೊದಲು ಬಾಡಿ ಕಟ್ಟಿದವರ ಬಿಲ್ ಕೇಳುತ್ತೇನೆ. ಅಷ್ಟಾದರೂ ವ್ಯಾಪಾರಿಗಳು ಆ ಕೂಪೆಯನ್ನು ಈಗಲೂ 'ಬ್ಲೂ ಟ್ರೇನ್ ಬೆಂಟ್ಲಿ' ಎಂದೇ ಕರೆಯುತ್ತಾರೆ.