ಮುಂಬೈಯನ್ನು ಕೆಡಿಸಿದ್ದು ಹೊರಗಿನವರಾ?

ಪ್ರಶ್ನೆ: ಮುಂಬೈಯಲ್ಲಿ ಟವರ್ ಪಕ್ಕದಲ್ಲೇ ಝೋಪಡಪಟ್ಟಿ (ಕೊಳೆಗೇರಿ) ಯಾಕೆ? ಹೊರಗಿನವರು ಬಂದು ತುಂಬಿಕೊಂಡಿದ್ದಕ್ಕೇ ಅಲ್ವಾ?

ರಾತ್ರಿ ಸೊಲ್ಲಾಪುರದಲ್ಲಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿ ಬೆಳಗ್ಗೆ ದಾದರಿನಲ್ಲಿ ಇಳಿದವರೆಲ್ಲ ಇದನ್ನೇ ಕೇಳುತ್ತಾರೆ. ಹೇಳಿ ಹೇಳಿ ನನಗೂ ಸಾಕಾಗಿದೆ. ಅಕ್ಕಲಕೋಟೆ, ಜತ್ತ ಕಡೆಯಿಂದ ಹೋದ ನಾವು ಕನ್ನಡದವರೂ ಅಲ್ಲಿ ಹೊರಗಿನವರೇ, ಅದು ಮಾತ್ರ ನೆನಪಿರುವುದಿಲ್ಲ.

ಜನ ಬಂದರು, ನಿಜ. ಆದರೆ ಎಲ್ಲಿರಬೇಕು ಅನ್ನುವುದು ಅವರ ಕೈಯಲ್ಲಿತ್ತಾ? ಇಂಗ್ಲಿಷರ ಕಾಲದಲ್ಲಿ ಮುಂಬೈ ಕೋಟೆಯ ದಕ್ಷಿಣ ಭಾಗ ಬಿಳಿಯರದು. 1803ರಲ್ಲಿ ಕೋಟೆಯೊಳಗೆ ದೊಡ್ಡ ಬೆಂಕಿ ಬಿತ್ತು. ಆಮೇಲೆ ಭಾರತೀಯರಲ್ಲಿ ಎಷ್ಟೋ ಮಂದಿಯನ್ನು ಬಯಲಿನ ಆಚೆ ಕಳಿಸಿದರು. ತೋಪು ಹಾರಿಸಲು ಅಡ್ಡಿ ಇರಬಾರದು ಅಂತ ಖಾಲಿ ಬಿಟ್ಟ ಬಯಲು ಅದು. ಇವತ್ತಿನ ಆಜಾದ್ ಮೈದಾನ, ಓವಲ್ ಮೈದಾನ ಅದರದೇ ತುಂಡುಗಳು. ದುಡ್ಡಿದ್ದ ಪಾರ್ಸಿ ಸೇಟುಗಳಲ್ಲಿ ಹಲವರು ಮಾತ್ರ ಕೋಟೆಯೊಳಗೇ ಉಳಿದರು. ಅವರಿಗೆ ಮೈಬಣ್ಣ ಅಷ್ಟು ಅಡ್ಡ ಬರಲಿಲ್ಲ.

1896ರಲ್ಲಿ ಪ್ಲೇಗ್ ಬಂತು, 1898ರಲ್ಲಿ ಊರನ್ನು ಸರಿಪಡಿಸಲು ಅಂತ ಸುಧಾರಣಾ ಟ್ರಸ್ಟ್. ಸಮುದ್ರದ ಗಾಳಿ ಊರೊಳಗೆ ಆಡಲಿ ಅಂತ ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರೋಡ್ ತೆಗೆದರು. ದಾರಿಯಲ್ಲಿದ್ದ ಬಡವರ ಖೋಲಿಗಳು (ಒಂದೇ ಕೋಣೆಯ ಮನೆಗಳು) ಹೋದವು. ಒಡೆದಷ್ಟು ಕಟ್ಟಲಿಲ್ಲ. ಮನೆ ಕಳೆದುಕೊಂಡವರು ಪಕ್ಕದ ಚಾಳುಗಳಲ್ಲೇ (ಸಾಲು ಖೋಲಿಗಳ ಕಟ್ಟಡಗಳಲ್ಲೇ) ಇನ್ನಷ್ಟು ಒತ್ತರಿಸಿಕೊಂಡು ಕೂತರು. ಗಿಜಿಗಿಜಿ ಜಾಸ್ತಿ ಆಯಿತು ಅಂತ ಬೈಸಿಕೊಂಡವರೂ ಅವರೇ!

ಹಳೇ ಕತೆ ಅನ್ನಬೇಡಿ. 1982ರ ಕಾರ್ಮಿಕರ ಮುಷ್ಕರದ ನಂತರ ಬಟ್ಟೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. 1991ರ ನಿಯಮದ ಪ್ರಕಾರ ಗಿರಣಿ ಜಾಗಕ್ಕೆ ಮೂರು ಪಾಲು. ಒಂದು ಪಾಲಿಕೆಗೆ, ಒಂದು ಬಡವರ ಮನೆ ಕಟ್ಟಲು ಸರ್ಕಾರಿ ವಸತಿ ಸಂಸ್ಥೆ ಮ್ಹಾಡಾಕ್ಕೆ, ಒಂದು ಮಾಲೀಕನಿಗೆ. 2001ರಲ್ಲಿ ಸದ್ದಿಲ್ಲದೆ ಒಂದು ತಿದ್ದುಪಡಿ ಬಂತು: ಕಟ್ಟಡ ಇಲ್ಲದ ಖಾಲಿ ಜಾಗಕ್ಕೆ ಮಾತ್ರ ಈ ಲೆಕ್ಕ. ಗಿರಣಿಯೊಳಗೆ ಖಾಲಿ ಜಾಗ ಎಷ್ಟಿರುತ್ತೆ, ನೀವೇ ಹೇಳಿ. 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಗಿರಣಿ ಜಾಗದಲ್ಲಿ ಎದ್ದ ಲೋವರ್ ಪರೇಲಿನ ಟವರ್‌ಗಳನ್ನು ನೋಡುವಾಗ ಇದು ನೆನಪಿರಲಿ.

ಅಂದಹಾಗೆ, ಚಾಳು ಬೇರೆ, ಝೋಪಡಪಟ್ಟಿ ಬೇರೆ. ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ವರಳಿಯ ಬಿಡಿಡಿ (ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್) ಚಾಳುಗಳನ್ನು 1920ರ ದಶಕದಲ್ಲಿ ಸರ್ಕಾರವೇ ಕಟ್ಟಿಸಿತು. ನಮ್ಮ ಕಾಕಾ ಇದ್ದದ್ದು ಅಲ್ಲೇ. 160 ಚದರಡಿ ಖೋಲಿ, ಎಂಟು ಜನ ಗಿರಣಿ ಕೆಲಸದವರು. ಹಗಲು ಪಾಳಿಯವನು ಎದ್ದ ಹಾಸಿಗೆಗೆ ರಾತ್ರಿ ಪಾಳಿಯವನು ಬಂದು ಬೀಳುತ್ತಿದ್ದ. ಜಾಗ ಸಿಗದವರು ನಡುವಿನ ಕಾರಿಡಾರಿನಲ್ಲಿ ಚಾಪೆ ಹಾಸುತ್ತಿದ್ದರು. ಈಗ ಅದೇ ಜಾಗದಲ್ಲಿ 500 ಚದರಡಿಯ ಫ್ಲಾಟ್ ಕೊಡುತ್ತಿದ್ದಾರೆ. ಕಾಕಾನ ಮಗ ಹೋದ ವಾರ ಫೋನ್ ಮಾಡಿದ್ದ. ಲಿಫ್ಟಿಗೆ ತಿಂಗಳಿಗೆ ಎಷ್ಟು ಕಟ್ಟಬೇಕಾಗುತ್ತೋ ಅನ್ನುವುದೇ ಅವನಿಗೆ ಚಿಂತೆ.